ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹಾಗೆಯೇ

ಪ್ರಥಮ ಪಿಯುಸಿಯಲ್ಲಿ ನರವ್ಯೂಹದ ಪಾಠ ಮುಗಿದಿದೆ. ದ್ವಿತೀಯ ಪಿಯುಸಿಯವರಿಗೆ ಮೆಂಡೆಲನ ನಿಯಮಗಳು ನಡೆಯುತ್ತಿವೆ. ಎರಡೂ ತರಗತಿಗಳಲ್ಲಿ ನಾನು ಕೇಳುವ ದೂರು ಒಂದೇ: "ಮೇಡಂ, ಇದೆಲ್ಲ ಪರೀಕ್ಷೆಗೆ ಬಿಟ್ಟರೆ ಮತ್ತೆಲ್ಲಿ ಬರುತ್ತದೆ?" ಅದಕ್ಕೇ ಈ ಸಲ ವಾರ್ತಾಪತ್ರಕ್ಕೆ ಆ ಎರಡೂ ಪಾಠಗಳು ಒಟ್ಟಿಗೆ ಬೇಕಾಗುವ ಒಂದು ವಿಷಯವನ್ನು ಆರಿಸಿದ್ದೇನೆ. ಯುದ್ಧ ಮುಗಿಸಿ ಮನೆಗೆ ಬಂದ ಸೈನಿಕರನ್ನು ಹಿಡಿದ, ರಕ್ತಪರೀಕ್ಷೆಯಲ್ಲೂ ಎಕ್ಸ್‌ರೇಯಲ್ಲೂ ಸಿಗದ ಒಂದು ಕಾಯಿಲೆ ಅದು. ಅದರ ಜತೆಗೆ ನಮಗೆ ಹತ್ತಿರದ ಎರಡು ಊರುಗಳ ವಿಚಾರವನ್ನೂ ಹೇಳುತ್ತೇನೆ. ಒಂದು ಘಟ್ಟದ ಮೇಲಿನ ಹಂದಿಗೋಡು, ಇನ್ನೊಂದು ಕಾಸರಗೋಡಿನ ಪಡ್ರೆ. ಮೂರೂ ಕಡೆ ವೈದ್ಯರ ಮುಂದಿದ್ದ ಪ್ರಶ್ನೆ ಒಂದೇ: ಜನ ನರಳುತ್ತಿದ್ದಾರೆ, ಕಾರಣ ಕಾಣುತ್ತಿಲ್ಲ, ಹುಡುಕುವುದು ಹೇಗೆ?

ಎಲ್ಲ ಹೊಸ ಕಾಯಿಲೆಗಳೂ ಹೀಗೆ ಸತಾಯಿಸುವುದಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ರಕ್ತ ತೆಗೆದುಕೊಂಡು ಹೋದರು. ಬಹಳ ಕಾಲ ಕಾಯಬೇಕಾಗಲಿಲ್ಲ, ವೈರಸ್ ಸಿಕ್ಕಿತು. ಅದನ್ನು ಹರಡುವ ಉಣುಗು ಯಾವುದು ಎಂಬುದೂ ಗೊತ್ತಾಯಿತು. ಕಾರಣ ಎಂಬುದು ಒಂದು ಜೀವಿಯಾಗಿದ್ದರೆ ಅದನ್ನು ಹಿಡಿದು ಸೂಕ್ಷ್ಮದರ್ಶಕದ ಕೆಳಗೆ ಇಡಬಹುದು. ಕಾರಣ ಎಂಬುದು ತಿಂಗಳುಗಳ ಹಿಂದೆ ಮೈಗೆ ಸೋಕಿ ಹೋದ ಗಾಳಿಯಾಗಿದ್ದರೆ? ಅಥವಾ ಹುಟ್ಟುವಾಗಲೇ ಜತೆಗೆ ಬಂದ ಒಂದು ಜೀನ್ ಆಗಿದ್ದರೆ? ಅಲ್ಲಿ ಸೂಕ್ಷ್ಮದರ್ಶಕದಿಂದ ಮಾತ್ರ ಕೆಲಸ ಆಗುವುದಿಲ್ಲ, ಲೆಕ್ಕದ ಪುಸ್ತಕವೂ ಬೇಕು.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಕಾಪು, ಉಚ್ಚಿಲ, ಪಡುಬಿದ್ರಿ ಕಡೆಯ ಎಷ್ಟೋ ಮನೆಗಳಲ್ಲಿ ಹಿರಿಯರು ಈ ದಿನವನ್ನು ಪುಸ್ತಕ ನೋಡದೆ ಹೇಳುತ್ತಾರೆ. ದುಡಿಯಲು ಹೋದವರ ಸುದ್ದಿ ಇಲ್ಲ, ಟೆಲಿಫೋನ್ ಇಲ್ಲ, ದಿನಾರ್‌ಗೆ ಬೆಲೆ ಇಲ್ಲ. ಆಮೇಲೆ ಜೋರ್ಡಾನಿನ ಅಮ್ಮಾನಿನಿಂದ ಮುಂಬಯಿಗೆ ಏರ್ ಇಂಡಿಯಾ ವಿಮಾನಗಳು ಸುಮಾರು 1 ಲಕ್ಷ 70 ಸಾವಿರ ಭಾರತೀಯರನ್ನು ಕರೆತಂದವು. ಅಮೆರಿಕದ ಮುಂದಾಳುತನದ ಮಿತ್ರಪಡೆ ದಾಳಿ ಆರಂಭಿಸಿದ್ದು 1991ರ ಜನವರಿ 17ರಂದು. ಫೆಬ್ರವರಿ 28ಕ್ಕೆ ಯುದ್ಧ ನಿಂತಿತು. ಭೂಸೇನೆಗಳ ಹೋರಾಟ ನಡೆದದ್ದು ಸುಮಾರು ನಾಲ್ಕು ದಿನ ಮಾತ್ರ. ಸುಮಾರು 7 ಲಕ್ಷ ಅಮೆರಿಕನ್ ಸೈನಿಕರು, 50 ಸಾವಿರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಅಲ್ಲಿಗೆ ಹೋಗಿದ್ದರು. ಗುಂಡು ತಗಲಿ ಸತ್ತವರ ಸಂಖ್ಯೆ ಸಣ್ಣದು. ಎಲ್ಲರೂ ಬಹಳ ಸುಲಭದ ಗೆಲುವು ಎಂದುಕೊಂಡರು.

ಮನೆಗೆ ಬಂದ ಮೇಲೆ ದೂರುಗಳು ಶುರುವಾದವು. ತೀರದ ಸುಸ್ತು, ಸ್ನಾಯು ಮತ್ತು ಗಂಟುಗಳ ನೋವು, ತಲೆನೋವು, ನಿದ್ದೆ ಬಾರದಿರುವುದು, ಹೊಟ್ಟೆ ಕೆಡುವುದು, ಮೈಮೇಲೆ ದದ್ದು, ಮರೆವು. ಅಂಗಡಿಗೆ ಹೋದವನಿಗೆ ಯಾಕೆ ಬಂದೆ ಎಂಬುದೇ ನೆನಪಾಗುವುದಿಲ್ಲ. ಇಪ್ಪತ್ತೈದು, ಮೂವತ್ತರ ಹರೆಯದ, ಸೇನೆಯ ದೇಹಪರೀಕ್ಷೆಯಲ್ಲಿ ಪಾಸಾದವರು ಇವರು. ಆಸ್ಪತ್ರೆಗೆ ಹೋದರೆ ರಕ್ತ ನಾರ್ಮಲ್, ಸ್ಕ್ಯಾನ್ ನಾರ್ಮಲ್. ರಿಪೋರ್ಟ್ ನೋಡಿದ ವೈದ್ಯರು ಹೇಳಬಹುದಾಗಿದ್ದ ಮಾತು ಒಂದೇ, ಮನಸ್ಸಿನ ಒತ್ತಡ. ಅಮೆರಿಕದ ಅಧ್ಯಕ್ಷರು ನೇಮಿಸಿದ ಸಲಹಾ ಸಮಿತಿಯೂ 1996ರ ಕೊನೆಯಲ್ಲಿ ಒತ್ತಡವೇ ಮುಖ್ಯ ಕಾರಣಗಳಲ್ಲೊಂದು ಇರಬಹುದೆಂದು ಬರೆಯಿತು.

ಒತ್ತಡದಿಂದ ದೇಹಕ್ಕೆ ಕಾಯಿಲೆ ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ಖಂಡಿತ ಬರುತ್ತದೆ. ಆದರೆ ಬೇರೇನೂ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ "ಒತ್ತಡ" ಎಂದು ಬರೆದರೆ ಅದು ರೋಗನಿರ್ಣಯವಲ್ಲ, ಖಾಲಿ ಜಾಗವನ್ನು ತುಂಬಿಸಿದ್ದು ಅಷ್ಟೇ. ಒತ್ತಡ ಎಂಬುದೂ ಒಂದು ಊಹೆಯೇ. ಉಳಿದ ಊಹೆಗಳಂತೆ ಅದನ್ನೂ ಪರೀಕ್ಷಿಸಬೇಕು. ಪರೀಕ್ಷಿಸುವುದು ಹೇಗೆ?

ಹೋಲಿಸಿ ನೋಡಬೇಕು. 1998ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು ವಾಯುಸೇನೆಯವರನ್ನು ಎರಡು ಗುಂಪು ಮಾಡಿದರು. ಕೊಲ್ಲಿಗೆ ಹೋಗಿಬಂದವರು ಒಂದು, ಅದೇ ಕಾಲದಲ್ಲಿ ಸೇನೆಯಲ್ಲಿದ್ದೂ ಕೊಲ್ಲಿಗೆ ಹೋಗದವರು ಇನ್ನೊಂದು. ಮೊದಲು ಕಾಯಿಲೆ ಎಂದರೆ ಏನು ಎಂದು ಗೆರೆ ಎಳೆದರು. ಸುಸ್ತು, ಮನಸ್ಸು-ನೆನಪಿನ ತೊಂದರೆ, ಸ್ನಾಯು-ಗಂಟುಗಳ ನೋವು ಎಂಬ ಮೂರು ಬಗೆಗಳಲ್ಲಿ ಕನಿಷ್ಠ ಎರಡು ಬಗೆಯ ಲಕ್ಷಣಗಳು ಆರು ತಿಂಗಳಿಗೂ ಹೆಚ್ಚು ಕಾಲ ಇರಬೇಕು. ಈ ಗೆರೆಯಿಂದ ಅಳೆದಾಗ ಹೋಗಿಬಂದವರಲ್ಲಿ ನೂರಕ್ಕೆ 45 ಮಂದಿಗೆ ಕಾಯಿಲೆ ಇತ್ತು. ಹೋಗದವರಲ್ಲಿ ನೂರಕ್ಕೆ 15. ಆ 15ನ್ನು ಮರೆಯಬೇಡಿ. ಸುಸ್ತು, ನೋವು, ನಿದ್ದೆಗೇಡು ಲೋಕದಲ್ಲಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ. ಹೋಲಿಕೆಯ ಗುಂಪು ಇಲ್ಲದೆ ಬರೀ 45ನ್ನು ಹಿಡಿದುಕೊಂಡು ಗಲಾಟೆ ಮಾಡಿದ್ದರೆ ಅದು ವಿಜ್ಞಾನ ಆಗುತ್ತಿರಲಿಲ್ಲ.

ಬ್ರಿಟನ್ನಿನವರು ಮರುವರ್ಷ ಇನ್ನೂ ಚೆನ್ನಾದ ಹೋಲಿಕೆ ಮಾಡಿದರು. ನನಗೆ ಬಹಳ ಇಷ್ಟವಾದದ್ದು ಇದು. ಅವರು ಮೂರು ಗುಂಪು ತೆಗೆದುಕೊಂಡರು: ಕೊಲ್ಲಿಗೆ ಹೋದವರು, ಬೋಸ್ನಿಯಾದ ಯುದ್ಧಭೂಮಿಗೆ ಹೋದವರು, ಎಲ್ಲಿಗೂ ಹೋಗದವರು. ಬೋಸ್ನಿಯಾಕ್ಕೆ ಹೋದವರು ಅಲ್ಲಿ ಹೆಣಗಳನ್ನು ನೋಡಿದ್ದರು, ಮನೆಯಿಂದ ದೂರವಿದ್ದರು, ಪ್ರಾಣಭಯವೂ ಇತ್ತು. ಒತ್ತಡವೇ ಕಾರಣವಾಗಿದ್ದರೆ ಅವರಿಗೂ ಹೆಚ್ಚು ಕಾಯಿಲೆ ಇರಬೇಕಿತ್ತಲ್ಲ? ಸಿಕ್ಕಿದ ಲೆಕ್ಕ ಹೀಗಿತ್ತು: ಕೊಲ್ಲಿಯವರಲ್ಲಿ ನೂರಕ್ಕೆ ಸುಮಾರು 62, ಬೋಸ್ನಿಯಾದವರಲ್ಲಿ 37, ಎಲ್ಲಿಗೂ ಹೋಗದವರಲ್ಲಿ 36. ಬೋಸ್ನಿಯಾದ ಸಂಖ್ಯೆಯೂ ಮನೆಯಲ್ಲಿದ್ದವರ ಸಂಖ್ಯೆಯೂ ಹೆಚ್ಚು ಕಡಿಮೆ ಒಂದೇ. ಅಂದರೆ ಯುದ್ಧಕ್ಕೆ ಹೋದದ್ದರಿಂದ ಆದದ್ದಲ್ಲ, ಆ ಯುದ್ಧದಲ್ಲಿ ಏನೋ ಇತ್ತು.

ಏನಿತ್ತು? ಪಟ್ಟಿ ಮಾಡಿದರೆ ತುಂಬ ಉದ್ದ. ಕುವೈತಿನ 600ಕ್ಕೂ ಹೆಚ್ಚು ಎಣ್ಣೆಬಾವಿಗಳಿಗೆ ಬೆಂಕಿ ಬಿದ್ದು ಹಗಲೇ ಕತ್ತಲಾಗಿತ್ತು, ಕೊನೆಯ ಬೆಂಕಿ ಆರಿದ್ದು 1991ರ ನವೆಂಬರ್‌ನಲ್ಲಿ. ಟ್ಯಾಂಕ್ ಒಡೆಯುವ ಗುಂಡುಗಳಲ್ಲಿ ಯುರೇನಿಯಂ ಇತ್ತು. ಲಸಿಕೆಗಳಿದ್ದವು. ಯುರೇನಿಯಂ ವಿಚಾರ ಪತ್ರಿಕೆಗಳಲ್ಲಿ ಬಹಳ ಸದ್ದು ಮಾಡಿತ್ತು, ಆದರೆ 2021ರಲ್ಲಿ ಕಾಯಿಲೆಯವರ ಮತ್ತು ಆರೋಗ್ಯವಂತರ ಮೂತ್ರವನ್ನು ಬಹಳ ಸೂಕ್ಷ್ಮ ಯಂತ್ರದಲ್ಲಿ ಪರೀಕ್ಷಿಸಿದಾಗ ಅದರ ಗುರುತು ಸಿಗಲಿಲ್ಲ. ಉಳಿದ ಮೂರು ವಸ್ತುಗಳ ಮೇಲೆ ಅನುಮಾನ ಗಟ್ಟಿಯಾಗುತ್ತ ಹೋಯಿತು. ಒಂದು ಕೀಟನಾಶಕ, ಎರಡು ಒಂದು ಮಾತ್ರೆ, ಮೂರು ಸಾರಿನ್ ಎಂಬ ನರಾನಿಲ. ಈ ಮೂರೂ ನಮ್ಮ ಶರೀರದಲ್ಲಿ ಹೋಗಿ ಮುಟ್ಟುವುದು ಒಂದೇ ಕಿಣ್ವವನ್ನು.

ಈಗ ಪಾಠಕ್ಕೆ ಬನ್ನಿ. ನರದ ತುದಿಯಿಂದ ಸ್ನಾಯುವಿಗೆ ಆಜ್ಞೆ ಹೋಗುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ನರಸಂಧಿಯ ಸಣ್ಣ ಬಿರುಕನ್ನು ದಾಟಿ ಆ ಕಡೆಯ ಗ್ರಾಹಕಕ್ಕೆ ಅದು ಅಂಟಿಕೊಂಡ ಕೂಡಲೇ ಸ್ನಾಯು ಬಿಗಿಯುತ್ತದೆ. ಕೆಲಸ ಆದ ಮೇಲೆ ಅದು ಅಲ್ಲೇ ಕೂರಬಾರದು. ಕೂತರೆ ಸ್ನಾಯು ಬಿಗಿದೇ ಇರುತ್ತದೆ. ಹಾಗಾಗಿ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಕೋಲಿನ್ ಮತ್ತು ಅಸಿಟೇಟ್ ಆಗಿ ಒಡೆದು ಜಾಗ ಖಾಲಿ ಮಾಡುತ್ತದೆ. ಈ ಕಿಣ್ವದಲ್ಲಿ ಅಸಿಟೈಲ್‌ಕೋಲಿನ್ ಬಂದು ಕೂರುವ ಒಂದು ಸೀಟು ಇದೆ ಎಂದುಕೊಳ್ಳಿ. ಸಾರಿನ್ ಆ ಸೀಟಿನಲ್ಲಿ ಬಂದು ಕೂತು ಮತ್ತೆ ಏಳುವುದೇ ಇಲ್ಲ. ಕಿಣ್ವ ಕೆಲಸ ಬಿಡುತ್ತದೆ, ಅಸಿಟೈಲ್‌ಕೋಲಿನ್ ತುಂಬಿಕೊಳ್ಳುತ್ತದೆ, ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಪಾಪೆ ಕಿರಿದಾಗುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುವುದು. ಆರ್ಗನೊಫಾಸ್ಫರಸ್ ಜಾತಿಯ ಕೀಟನಾಶಕಗಳೂ ಮಾಡುವುದು ಇದನ್ನೇ, ಶಕ್ತಿ ಮಾತ್ರ ಕಡಿಮೆ. ನಮ್ಮಲ್ಲಿ ಗೆದ್ದಲಿಗೆ ಹೊಡೆಯುವ ಕ್ಲೋರ್‌ಪೈರಿಫಾಸ್ ಇದೇ ಜಾತಿಯದು. ಅದು ಮೈಗೆ ತಾಗಿ ಆಸ್ಪತ್ರೆ ಸೇರಿದವರಿಗೆ ಅಟ್ರೋಪಿನ್ ಕೊಡುವುದು ಯಾಕೆ ಎಂಬುದು ಈಗ ನಿಮಗೆ ಹೊಳೆಯಬೇಕು. ಅಟ್ರೋಪಿನ್ ಗ್ರಾಹಕಕ್ಕೆ ಅಡ್ಡ ನಿಲ್ಲುತ್ತದೆ. ಕೊಲ್ಲಿ ಯುದ್ಧದ ಸೈನಿಕರ ಬಳಿಯೂ ಅಟ್ರೋಪಿನ್ ಇಂಜೆಕ್ಷನ್ ಇತ್ತು.

ಇನ್ನು ಮಾತ್ರೆ. ಪೈರಿಡೊಸ್ಟಿಗ್ಮಿನ್ ಬ್ರೋಮೈಡ್, 30 ಮಿಲಿಗ್ರಾಂ, ಎಂಟು ಗಂಟೆಗೊಂದು. ವಿರೋಧಿಗಳು ನರಾನಿಲ ಬಿಟ್ಟರೆ ರಕ್ಷಣೆಗೆಂದು ಇದನ್ನು ಮೊದಲೇ ನುಂಗಿಸುತ್ತಿದ್ದರು. ವಿಚಿತ್ರವೆಂದರೆ ಇದೂ ಅದೇ ಕಿಣ್ವದ ಸೀಟಿನಲ್ಲಿ ಕೂರುವ ವಸ್ತು! ಕಾರ್ಕಳದ ಬಸ್ಸಿನಲ್ಲಿ ಸಂಜೆ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುತ್ತೀರಲ್ಲ, ಅದೇ ಉಪಾಯ. ಸೋಮನ್ ಎಂಬ ನರಾನಿಲ ಬಂದು ಶಾಶ್ವತವಾಗಿ ಕೂರುವ ಮೊದಲು ಕೆಲವು ಸೀಟುಗಳಿಗೆ ಕರ್ಚೀಫ್ ಹಾಕಿಡುವುದು, ಅಪಾಯ ಕಳೆದ ಮೇಲೆ ಕರ್ಚೀಫ್ ತಾನಾಗಿ ಎದ್ದುಹೋಗಿ ಕಿಣ್ವ ಮತ್ತೆ ಕೆಲಸಕ್ಕೆ ಬರುವುದು. ಮಯಸ್ತೇನಿಯಾ ಗ್ರೇವಿಸ್ ರೋಗಿಗಳು ಇದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಇದೇ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಅಪಾಯವಿಲ್ಲ ಎಂದುಕೊಂಡರು. ಆದರೆ ಆ ರೋಗಿಗಳಲ್ಲಿ ನರದ ಸಂದೇಶವನ್ನು ಪಡೆಯುವ ಗ್ರಾಹಕಗಳೇ ಕಡಿಮೆ ಇರುತ್ತವೆ. ಆರೋಗ್ಯವಂತ ಯುವಕನಿಗೆ ಮಾತ್ರೆ ಕೊಟ್ಟು, ಅದರ ಮೇಲೆ ಡೇರೆಗೆ ಕೀಟನಾಶಕ ಹೊಡೆದು, ಗಾಳಿಯಲ್ಲಿ ಸ್ವಲ್ಪ ಸಾರಿನ್ ಕೂಡ ಸೇರಿದರೆ ಏನಾಗುತ್ತದೆ ಎಂದು ಮೊದಲೇ ಯಾರೂ ಪರೀಕ್ಷಿಸಿ ನೋಡಿರಲಿಲ್ಲ.

ಸಾರಿನ್ ಎಲ್ಲಿಂದ ಬಂತು? ಯುದ್ಧದ ವೇಳೆ ನರಾನಿಲ ಪತ್ತೆ ಮಾಡುವ ಅಲಾರಂಗಳು ಮತ್ತೆ ಮತ್ತೆ ಕೂಗಿದ್ದವು. ಸುಳ್ಳು ಅಲಾರಂ ಎಂದು ಹೇಳಲಾಯಿತು. ಯುದ್ಧ ನಿಂತ ಮೇಲೆ 1991ರ ಮಾರ್ಚ್‌ನಲ್ಲಿ ದಕ್ಷಿಣ ಇರಾಕಿನ ಖಮಿಸಿಯಾ ಎಂಬಲ್ಲಿ ಅಮೆರಿಕನ್ ಸೈನಿಕರು ಒಂದು ಮದ್ದುಗುಂಡಿನ ಉಗ್ರಾಣವನ್ನು ಸ್ಫೋಟಿಸಿದರು. ಅದರೊಳಗೆ ಸಾರಿನ್ ತುಂಬಿದ ರಾಕೆಟ್‌ಗಳಿದ್ದವು. ಅವರ ರಕ್ಷಣಾ ಇಲಾಖೆ ಇದನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು 1996ರಲ್ಲಿ. ಆಮೇಲೆ ಗಾಳಿಯ ದಿಕ್ಕನ್ನು ಲೆಕ್ಕಹಾಕಿ ಸುಮಾರು 1 ಲಕ್ಷ ಸೈನಿಕರು ಆ ಹೊಗೆಯ ದಾರಿಯಲ್ಲಿ ಇದ್ದಿರಬಹುದು ಎಂದರು. ಐದು ವರ್ಷ ಇಷ್ಟೂ ಜನರಿಗೆ "ನಿಮಗೇನೂ ಸೋಕಿಲ್ಲ" ಎಂಬ ಉತ್ತರ ಸಿಗುತ್ತಿತ್ತು. 2008ರಲ್ಲಿ ಅಮೆರಿಕದ ಸಂಶೋಧನಾ ಸಲಹಾ ಸಮಿತಿ ಎಲ್ಲ ಅಧ್ಯಯನಗಳನ್ನು ಒಟ್ಟು ಮಾಡಿ ಓದಿ, ಕಾಯಿಲೆ ನಿಜ, ಹೋಗಿಬಂದವರಲ್ಲಿ ಕನಿಷ್ಠ ನಾಲ್ಕರಲ್ಲಿ ಒಬ್ಬರಿಗೆ ಇದೆ, ಮಾತ್ರೆ ಮತ್ತು ಕೀಟನಾಶಕಗಳಿಗೆ ಸಂಬಂಧವಿದೆ ಎಂದು ಬರೆಯಿತು. ಯುದ್ಧ ಮುಗಿದು ಆಗ 17 ವರ್ಷ.

ಇದನ್ನು ತರಗತಿಯಲ್ಲಿ ಹೇಳುತ್ತಿದ್ದಾಗ ಕಾಪುವಿನಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಮೇಡಂ, ನಮ್ಮ ಅಜ್ಜನೂ ಆಗ ಕುವೈತಿನಲ್ಲೇ ಇದ್ದದ್ದು. ಅವರಿಗೆ ಗಂಟುನೋವು, ರಾತ್ರಿ ನಿದ್ದೆ ಇಲ್ಲ. ಅದೂ ಇದೇನಾ?" ಎಂದಳು. ಯಾವಾಗ ವಾಪಸ್ ಬಂದರು ಎಂದು ಕೇಳಿದೆ. ಮರುದಿನ ಮನೆಯಲ್ಲಿ ಕೇಳಿಕೊಂಡು ಬಂದಳು. 1990ರ ಸೆಪ್ಟೆಂಬರ್‌ನಲ್ಲಿ ಅಮ್ಮಾನಿನಿಂದ ಮುಂಬಯಿಗೆ, ಪುನಃ ಹೋದದ್ದು 1992ರಲ್ಲಿ. ಈಗ ತಾರೀಖುಗಳನ್ನು ಜೋಡಿಸಿ ನೋಡಿ. ಮಾತ್ರೆ ನುಂಗಿದ್ದು ಸೈನಿಕರು. ಅಲಾರಂ ಕೂಗಿದ್ದು 1991ರ ಜನವರಿಯಿಂದ. ಖಮಿಸಿಯಾ ಮಾರ್ಚ್‌ನಲ್ಲಿ. ಎಣ್ಣೆಬಾವಿಯ ಹೊಗೆ ನವೆಂಬರ್‌ಗೆ ನಿಂತಿತು. ಈ ಯಾವುದೂ ಅಜ್ಜನ ದಾರಿಗೆ ಅಡ್ಡ ಬರುವುದಿಲ್ಲ. ಅಜ್ಜನ ನೋವು ಸುಳ್ಳಲ್ಲ, ಆದರೆ ಅದರ ಕಾರಣ ಬೇರೆ ಕಡೆ ಹುಡುಕಬೇಕು. ಸಕ್ಕರೆ, ಥೈರಾಯ್ಡ್, ಸವೆದ ಮೊಣಕಾಲು, ಯಾವುದೂ ಇರಬಹುದು. ಸೋಂಕಿದ ಕಾಲ ಯಾವುದು, ಕಾಯಿಲೆಯ ಕಾಲ ಯಾವುದು ಎಂದು ಮೊದಲು ನೋಡದಿದ್ದರೆ ಊರಿನ ಎಲ್ಲ ಕಾಯಿಲೆಗೂ ಒಂದೇ ಹೆಸರು ಅಂಟಿಸಿಬಿಡುತ್ತೇವೆ. ಹುಡುಗಿ ಒಳ್ಳೆಯ ಪ್ರಶ್ನೆಯನ್ನೇ ಕೇಳಿದಳು, ಮನೆಗೆ ಹೋಗಿ ದಿನಾಂಕ ತಂದದ್ದು ಇನ್ನೂ ಒಳ್ಳೆಯ ಕೆಲಸ.

ಇನ್ನೊಂದು ಪ್ರಶ್ನೆ ಉಳಿಯಿತು. ಒಂದೇ ಡೇರೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬನಿಗೆ ಕಾಯಿಲೆ, ಇನ್ನೊಬ್ಬನಿಗೆ ಇಲ್ಲ. ಯಾಕೆ? ಡಲ್ಲಾಸಿನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ರಾಬರ್ಟ್ ಹೇಲಿ ಎಂಬ ವೈದ್ಯರು 1990ರ ದಶಕದಿಂದ ಇದರ ಹಿಂದೆ ಬಿದ್ದಿದ್ದರು. ನಮ್ಮ ರಕ್ತದಲ್ಲಿ ಪ್ಯಾರಾಕ್ಸೊನೇಸ್-1 ಎಂಬ ಕಿಣ್ವ ಇದೆ. ಯಕೃತ್ತಿನಲ್ಲಿ ತಯಾರಾಗಿ ರಕ್ತದಲ್ಲಿ ತಿರುಗಾಡುತ್ತ ಆರ್ಗನೊಫಾಸ್ಫರಸ್ ವಿಷಗಳನ್ನು ಒಡೆಯುವುದು ಅದರ ಒಂದು ಕೆಲಸ. ಈ ಕಿಣ್ವದ 192ನೆಯ ಸ್ಥಾನದಲ್ಲಿ ಕೆಲವರಿಗೆ ಗ್ಲುಟಮಿನ್, ಕೆಲವರಿಗೆ ಅರ್ಜಿನಿನ್ ಎಂಬ ಅಮೈನೋ ಆಮ್ಲ ಇರುತ್ತದೆ. ಗ್ಲುಟಮಿನ್‌ನ ಸಂಕೇತ ಕ್ಯೂ, ಅರ್ಜಿನಿನ್‌ನದು ಆರ್. ಜೈವಿಕ ಅಣುಗಳ ಪಾಠದಲ್ಲಿ ಉರು ಹೊಡೆದ ಸಂಕೇತಗಳು ಇಲ್ಲಿ ಕೆಲಸಕ್ಕೆ ಬಂದವು ನೋಡಿ! ಪ್ರತಿಯೊಬ್ಬರಿಗೂ ತಂದೆಯಿಂದ ಒಂದು, ತಾಯಿಯಿಂದ ಒಂದು ಜೀನ್. ಹಾಗಾಗಿ ನಾವೆಲ್ಲ ಕ್ಯೂ-ಕ್ಯೂ, ಕ್ಯೂ-ಆರ್, ಆರ್-ಆರ್ ಈ ಮೂರರಲ್ಲಿ ಒಂದು. ಕ್ಯೂ ಬಗೆಯ ಕಿಣ್ವ ಸಾರಿನ್ ಅನ್ನು ಚುರುಕಾಗಿ ಒಡೆಯುತ್ತದೆ. ಆರ್ ಬಗೆಯದು ಸಾರಿನ್ ಎದುರು ದುರ್ಬಲ, ಆದರೆ ಪ್ಯಾರಾಕ್ಸಾನ್ ಎಂಬ ಕೀಟನಾಶಕ ವಿಷದ ಎದುರು ಅದೇ ಚುರುಕು. ಒಳ್ಳೆಯ ಜೀನ್, ಕೆಟ್ಟ ಜೀನ್ ಎಂದು ಪರೀಕ್ಷೆಯಲ್ಲಿ ಬರೆಯುವವರು ಇದನ್ನು ಎರಡು ಸಲ ಓದಿ. ಯಾವ ವಿಷ ಎದುರಿಗಿದೆ ಎಂಬುದರ ಮೇಲೆ ಎಲ್ಲ ನಿಂತಿದೆ.

2022ರಲ್ಲಿ ಹೇಲಿ ಮತ್ತು ಸಂಗಡಿಗರು 1,016 ಮಾಜಿ ಸೈನಿಕರ ಅಧ್ಯಯನ ಪ್ರಕಟಿಸಿದರು. 508 ಮಂದಿಗೆ ಕಾಯಿಲೆ, 508 ಮಂದಿಗೆ ಇಲ್ಲ. ಎಲ್ಲರೂ ಕೊಲ್ಲಿಗೆ ಹೋದವರೇ. ನರಾನಿಲದ ಅಲಾರಂ ಕೇಳಿದ್ದಿರಾ ಎಂದು ವಿಚಾರಿಸಿದರು, ರಕ್ತದಲ್ಲಿ ಜೀನ್ ನೋಡಿದರು. ಅಲಾರಂ ಕೇಳದವರಿಗೆ ಹೋಲಿಸಿದರೆ ಕೇಳಿದವರಲ್ಲಿ ಕಾಯಿಲೆಯ ಸಂಭವ ಕ್ಯೂ-ಕ್ಯೂ ಇದ್ದವರಿಗೆ ಸುಮಾರು ನಾಲ್ಕು ಪಟ್ಟು, ಕ್ಯೂ-ಆರ್ ಇದ್ದವರಿಗೆ ನಾಲ್ಕೂವರೆ, ಆರ್-ಆರ್ ಇದ್ದವರಿಗೆ ಸುಮಾರು ಒಂಬತ್ತು ಪಟ್ಟು. ಜೀನ್ ಒಂದರಿಂದಲೇ ಆಗಲಿಲ್ಲ, ವಿಷ ಒಂದರಿಂದಲೇ ಆಗಲಿಲ್ಲ. ಎರಡೂ ಸೇರಿದ ಕಡೆ ಹೊಡೆತ ಜೋರು.

ಆಕ್ಷೇಪವೂ ಇದೆ. ವರ್ಷಗಳ ಮೇಲೆ ಅಲಾರಂ ಕೇಳಿದ್ದಿರಾ ಎಂದು ಕೇಳಿದರೆ ಕಾಯಿಲೆಯಲ್ಲಿರುವವನಿಗೆ ಕೇಳಿದಂತೆ ನೆನಪಾಗುವುದು ಸಹಜ. ಇದಕ್ಕೆ ಅವರ ಉತ್ತರ ಚುರುಕಾಗಿದೆ. ತನಗೆ ಕ್ಯೂ ಇದೆಯೋ ಆರ್ ಇದೆಯೋ ಯಾವ ಸೈನಿಕನಿಗೂ ಗೊತ್ತಿರಲಿಲ್ಲ. ಜೀನ್ ತಾಯಿಯ ಹೊಟ್ಟೆಯಲ್ಲೇ ತೀರ್ಮಾನವಾದದ್ದು, ನೆನಪು ಅದನ್ನು ಬದಲಿಸದು. ಬರೀ ನೆನಪಿನ ಆಟವಾಗಿದ್ದರೆ ಮೂರು ಗುಂಪಿನಲ್ಲೂ ಒಂದೇ ಲೆಕ್ಕ ಬರಬೇಕಿತ್ತು. ನನಗೆ ಈ ವಾದ ಬಲವಾದದ್ದೆಂದೇ ಕಾಣುತ್ತದೆ. ಆದರೂ ಯಾರ ಉಸಿರಿಗೆ ಎಷ್ಟು ಸಾರಿನ್ ಹೋಯಿತು ಎಂದು ಆ ದಿನ ಅಳೆದಿಟ್ಟವರಿಲ್ಲ. ಈ ಕೊರತೆಯನ್ನು ಈಗ ಯಾವ ಪ್ರಯೋಗಾಲಯವೂ ತುಂಬಿಸಲಾರದು.

ಘಟ್ಟ ಹತ್ತಿ ಸಾಗರಕ್ಕೆ ಹೋಗೋಣ. 1970ರ ದಶಕದ ನಡುವಿನಲ್ಲಿ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಗದ್ದೆ ಕೂಲಿಯವರ ಮನೆಗಳಲ್ಲಿ ಸೊಂಟ ಮತ್ತು ಮೊಣಕಾಲು ನೋವಿನಿಂದ ನಡೆಯಲಾಗದೆ ಕೂತವರು ಹಲವರಿದ್ದಾರೆಂದು ಸುದ್ದಿಯಾಯಿತು. ಕೆಲವರು ಕುಳ್ಳಗೇ ಉಳಿದಿದ್ದರು, ಕೆಲವರು ಕುಕ್ಕರುಗಾಲಲ್ಲಿ ತೆವಳುತ್ತಿದ್ದರು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇತರ ಹಳ್ಳಿಗಳಲ್ಲೂ ಇದೇ ಕಾಣಿಸಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿದರು. ಆಗಷ್ಟೇ ಹೊಸ ಭತ್ತದ ತಳಿಗಳ ಜತೆ ಪ್ಯಾರಾಥಿಯಾನ್, ಎಂಡ್ರಿನ್‌ನಂಥ ಕೀಟನಾಶಕಗಳು ಗದ್ದೆಗೆ ಬಂದಿದ್ದವು. ಬಡವರು ಗದ್ದೆಯ ಏಡಿ ಹಿಡಿದು ತಿನ್ನುತ್ತಿದ್ದರು. ಏಡಿಯಲ್ಲಿ ವಿಷ, ವಿಷದಿಂದ ಕಾಯಿಲೆ ಎಂಬ ಊಹೆ ಹುಟ್ಟಿತು, ಪತ್ರಿಕೆಗಳಲ್ಲಿ ಹಬ್ಬಿತು. ಪ್ಯಾರಾಥಿಯಾನ್ ಶರೀರದೊಳಗೆ ಹೋದ ಮೇಲೆ ಆಗುವುದೇ ಮೇಲೆ ಹೇಳಿದ ಪ್ಯಾರಾಕ್ಸಾನ್, ಹಾಗಾಗಿ ಊಹೆ ಹುಚ್ಚಿನದೇನಲ್ಲ.

ಆದರೆ ಆಮೇಲೆ ವೈದ್ಯರು ಮನೆಮನೆಗೆ ಹೋಗಿ ವಂಶವೃಕ್ಷ ಬರೆದರು, ಮೂಳೆಗಳ ಎಕ್ಸ್‌ರೇ ತೆಗೆದರು. ಕಾಯಿಲೆ ಊರಿಡೀ ಹರಡಿರಲಿಲ್ಲ, ಎರಡು ದಲಿತ ಸಮುದಾಯಗಳ ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿತ್ತು. ತಂದೆಗೋ ತಾಯಿಗೋ ಇದ್ದರೆ ಮಕ್ಕಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ. ಗಂಡು ಹೆಣ್ಣೆಂಬ ಭೇದವಿಲ್ಲ. ಇದು ಯಾವ ಬಗೆಯ ಅನುವಂಶೀಯತೆ ಎಂದು ನೀವೇ ಹೇಳಬೇಕು. ಬೆನ್ನೆಲುಬಿನ ಮತ್ತು ಉದ್ದ ಮೂಳೆಗಳ ತುದಿ ಸರಿಯಾಗಿ ಬೆಳೆಯದ ಒಂದು ಆನುವಂಶಿಕ ಕಾಯಿಲೆ ಎಂದು ಈಗ ವೈದ್ಯಗ್ರಂಥಗಳಲ್ಲಿ ಹಂದಿಗೋಡಿನ ಹೆಸರಿನಲ್ಲೇ ದಾಖಲಾಗಿದೆ. ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬಲ್ಲಿ ಕಂಡುಬಂದ ಕಾಯಿಲೆಯೂ ಇದೂ ಒಂದೇನೋ ಎಂದು 1997ರಲ್ಲಿ ಭಾರತ ಮತ್ತು ಆಫ್ರಿಕಾದ ವೈದ್ಯರು ಕೂಡಿ ಹೋಲಿಸಿದ್ದರು. ಕೊಲ್ಲಿಯಲ್ಲಿ ಮನಸ್ಸಿನದ್ದು ಎಂದುಕೊಂಡದ್ದು ವಿಷದ ಕಡೆ ತಿರುಗಿತು, ಹಂದಿಗೋಡಿನಲ್ಲಿ ವಿಷದ್ದು ಎಂದುಕೊಂಡದ್ದು ಜೀನ್ ಕಡೆ ತಿರುಗಿತು. ತಿರುಗಿಸಿದ್ದು ಎರಡು ಕಡೆಯೂ ಹೋಲಿಕೆಯ ಲೆಕ್ಕವೇ. ನಡೆಯಲಾಗದವರಿಗೆ ಕಾರಣ ಬದಲಾದದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ ಎಂಬುದನ್ನೂ ಹೇಳಬೇಕು. ಮಕ್ಕಳಿಗೆ ಬರುವ ಸಂಭವವೆಷ್ಟು ಎಂದು ತಿಳಿಸಿ ಹೇಳಲು ಮಾತ್ರ ಈಗ ಆಧಾರವಿದೆ.

ಪಡ್ರೆಯ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತು. ಕಾಸರಗೋಡಿನ ಸರ್ಕಾರಿ ಗೇರುತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಎಣ್ಮಕಜೆ ಪಂಚಾಯತಿನ ವಾಣಿನಗರದಲ್ಲಿ ಕ್ಲಿನಿಕ್ ಇಟ್ಟಿದ್ದ ಡಾ. ವೈ. ಎಸ್. ಮೋಹನಕುಮಾರ್ ಅವರಿಗೆ, ಇಷ್ಟು ಸಣ್ಣ ಊರಿನಲ್ಲಿ ಇಷ್ಟು ಮಂದಿಗೆ ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್ ಯಾಕೆ ಎಂಬ ಸಂಶಯ ಬಂತು. ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಇಲ್ಲಿ ಮಾಡಿದ ಹೋಲಿಕೆ ನೋಡಿ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಪಡ್ರೆಯ ಶಾಲಾಮಕ್ಕಳನ್ನೂ, ಸಿಂಪಡಣೆ ಇಲ್ಲದ ಮೀಂಜ ಗ್ರಾಮದ ಶಾಲಾಮಕ್ಕಳನ್ನೂ ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಪಡ್ರೆಯ 117 ಹುಡುಗರನ್ನು ಇನ್ನೊಂದು ಕಡೆಯ 90 ಹುಡುಗರಿಗೆ ಹೋಲಿಸಿ, ಪಡ್ರೆಯವರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿದೆ ಎಂದು ತೋರಿಸಿದರು. ಎಂಡೋಸಲ್ಫಾನ್ ಆರ್ಗನೊಫಾಸ್ಫರಸ್ ಜಾತಿಯದಲ್ಲ, ಆರ್ಗನೊಕ್ಲೋರಿನ್. ಅದು ಅಸಿಟೈಲ್‌ಕೋಲಿನ್ ತಂಟೆಗೆ ಹೋಗುವುದಿಲ್ಲ. ಮಿದುಳನ್ನು ಶಾಂತವಾಗಿಡುವ ಗಾಬಾ ಎಂಬ ನರವಾಹಕದ ಕ್ಲೋರೈಡ್ ಬಾಗಿಲನ್ನು ಮುಚ್ಚುತ್ತದೆ. ಅಪಸ್ಮಾರ ಯಾಕೆ ಎಂಬ ಪ್ರಶ್ನೆಗೆ ಅಲ್ಲಿ ದಾರಿ ಇದೆ.

ಆಮೇಲೆ ಬಂದ ಕೆಲವು ಸರ್ಕಾರಿ ಸಮಿತಿಗಳು ಸಂಬಂಧ ಸಾಬೀತಾಗಿಲ್ಲ ಎಂದವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಎಂಡೋಸಲ್ಫಾನ್ ತಡೆಹಿಡಿಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲೂ ಇದೇ ದೂರು. ಯಾವ ದಿನ ಎಷ್ಟು ಲೀಟರ್ ಸಿಂಪಡಿಸಿದರು, ಆ ದಿನ ಯಾರ ಬಾವಿ ತೆರೆದಿತ್ತು, ಯಾವ ತಾಯಿಗೆ ಎಷ್ಟು ತಿಂಗಳಾಗಿತ್ತು ಎಂಬ ಪಟ್ಟಿ ಇದ್ದಿದ್ದರೆ ಸಮಿತಿಗಳ ಜಗಳ ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು ಎಂದು ನನ್ನ ಅಭಿಪ್ರಾಯ. ಖಮಿಸಿಯಾದಲ್ಲಿ ಇಲ್ಲದ್ದು ಪಡ್ರೆಯಲ್ಲೂ ಇರಲಿಲ್ಲ.

ನಿಮ್ಮಲ್ಲಿ ಕೆಲವರು ಮಣಿಪಾಲದಲ್ಲಿ ಎಂಬಿಬಿಎಸ್‌ಗೆ, ಇನ್ನು ಕೆಲವರು ನರ್ಸಿಂಗ್, ಲ್ಯಾಬ್ ಟೆಕ್ನಾಲಜಿ, ಫಾರ್ಮಸಿಗೆ ಹೋಗುವವರು. ರಿಪೋರ್ಟ್ ನಾರ್ಮಲ್ ಎಂದು ಮುದ್ರೆ ಒತ್ತುವ ಕೈಗಳು ನಿಮ್ಮವೇ ಆಗಲಿವೆ. ಸದ್ಯಕ್ಕೆ ಈ ಮೂರು ಲೆಕ್ಕಗಳನ್ನು ಸೋಮವಾರಕ್ಕೆ ಮಾಡಿ ತನ್ನಿ.

ತಂದೆ ತಾಯಿ ಇಬ್ಬರೂ ಕ್ಯೂ-ಆರ್ ಆಗಿದ್ದರೆ ಮಗು ಆರ್-ಆರ್ ಆಗುವ ಸಂಭವ ಎಷ್ಟು? ಪನೆಟ್ ಚೌಕ ಬರೆದೇ ತೋರಿಸಬೇಕು.

ಹಂದಿಗೋಡು ಕಾಯಿಲೆಯ ಒಂದು ಮನೆ. ತಂದೆಗೆ ಇದೆ, ಅವರಲ್ಲಿ ಒಂದು ಜೀನ್ ಮಾತ್ರ ಕಾಯಿಲೆಯದು. ತಾಯಿಗೆ ಇಲ್ಲ. ಮಕ್ಕಳು ಮೂವರು. ಮೂವರೂ ಪಾರಾಗುವ ಸಂಭವ ಎಷ್ಟು?

ಮೂರನೆಯದಕ್ಕೆ ಉತ್ತರ ಒಂದೇ ಇಲ್ಲ. ನಿಮ್ಮ ಊರಿನ ಒಂದು ತೋಟದಲ್ಲಿ ಕೀಟನಾಶಕ ಹೊಡೆಯುವ ಇಪ್ಪತ್ತು ಮಂದಿಯಲ್ಲಿ ಎಂಟು ಮಂದಿಗೆ ತಲೆನೋವಿದೆ. ಕಾರಣ ಕೀಟನಾಶಕವೇ ಎಂದು ಹೇಳುವ ಮೊದಲು ನೀವು ಇನ್ನು ಯಾರನ್ನು, ಎಷ್ಟು ಮಂದಿಯನ್ನು, ಏನೇನು ಕೇಳುತ್ತೀರಿ? ಒಂದು ಪುಟದಲ್ಲಿ ಬರೆಯಿರಿ. ಕೇಳುವ ದಿನಾಂಕವನ್ನು ಮೇಲ್ಗಡೆ ಹಾಕಲು ಮರೆಯಬೇಡಿ.